ಓದುಗರ ಪ್ರಶ್ನೆ, ತಜ್ಞರ ಉತ್ತರ: ವಿನ್ಯಾಸದ ಕಂಪ್ಯೂಟರಿಗೆ ಯಾವ ಗ್ರಾಫಿಕ್ಸ್ ಕಾರ್ಡು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಟೂಲ್‌ರೂಮ್ ಇದೆ. ಜಿಗ್ ಮತ್ತು ಫಿಕ್ಸ್‌ಚರುಗಳನ್ನು (ಕೆಲಸದ ತುಂಡನ್ನು ಹಿಡಿದಿಡುವ ಸಲಕರಣೆಗಳನ್ನು) ಸಾಲಿಡ್‌ವರ್ಕ್ಸ್ ಎಂಬ ಮೂರು ಆಯಾಮದ ವಿನ್ಯಾಸದ ತಂತ್ರಾಂಶದಲ್ಲಿ ರೂಪಿಸುತ್ತೇವೆ. ನೂರಾರು ಬಿಡಿಭಾಗಗಳಿರುವ ಅಸೆಂಬ್ಲಿಯನ್ನು ತಿರುಗಿಸಿ ನೋಡುವಾಗ ಚಿತ್ರ ತಡೆತಡೆದು ಚಲಿಸುತ್ತದೆ. ಒಂದು ಅಳತೆಯನ್ನು ಬದಲಿಸಿದರೆ ಹೊಸ ರೂಪ ಮೂಡಲು ಬಹಳ ಹೊತ್ತು ಕಾಯಬೇಕು. ಈಗಿರುವುದು ಹಳೆಯ ಕ್ವಾಡ್ರೊ ಕೆ2000 ಕಾರ್ಡು. ಆಟಗಳಿಗೆ ಬಳಸುವ ಜೀಫೋರ್ಸ್ ಕಾರ್ಡೇ ಸಾಕು ಎಂದು ಅಂಗಡಿಯವರು ಹೇಳುತ್ತಾರೆ. ಏನು ಮಾಡುವುದು ಒಳ್ಳೆಯದು?

ಉತ್ತರ: ನೀವು ಹೇಳಿರುವ ತೊಂದರೆಗಳು ಎರಡು, ಅವುಗಳ ಮೂಲವೂ ಬೇರೆ ಬೇರೆ. ಅಳತೆ ಬದಲಿಸಿದಾಗ ಸಾಲಿಡ್‌ವರ್ಕ್ಸ್ ತನ್ನ ಒಳಗಿರುವ ಪ್ಯಾರಾಸಾಲಿಡ್ ಎಂಬ ಜ್ಯಾಮಿತಿಯ ತಂತ್ರಾಂಶದ ನೆರವಿನಿಂದ ಆಕಾರವನ್ನು ಮತ್ತೆ ಲೆಕ್ಕ ಹಾಕುತ್ತದೆ. ಮೊದಲು ಎಳೆದ ರೂಪದ ಮೇಲೆ ರಂಧ್ರ, ರಂಧ್ರದ ಅಂಚಿಗೆ ಚೇಂಫರ್ (ಓರೆ ಕಡಿತ), ಹೀಗೆ ಪ್ರತಿ ಹಂತವೂ ಹಿಂದಿನ ಹಂತವನ್ನು ಅವಲಂಬಿಸಿರುವುದರಿಂದ ಆ ಕೆಲಸವನ್ನು ಪ್ರೊಸೆಸರಿನ ಹಲವು ಕೋರುಗಳಿಗೆ (ಲೆಕ್ಕ ಮಾಡುವ ಘಟಕಗಳಿಗೆ) ಹಂಚಲು ಹೆಚ್ಚಿನ ಅವಕಾಶವಿಲ್ಲ. ಪ್ರೊಸೆಸರಿನ ಒಂದೇ ಕೋರಿನ ವೇಗ ಎಷ್ಟಿದೆಯೋ ಅಷ್ಟೇ ವೇಗವಾಗಿ ಅದು ಮುಗಿಯುತ್ತದೆ, ಮತ್ತು ಅದರಲ್ಲಿ ಗ್ರಾಫಿಕ್ಸ್ ಕಾರ್ಡಿನ ಪಾತ್ರ ಇಲ್ಲವೆಂದೇ ಹೇಳಬೇಕು. ಲೆಕ್ಕ ಮುಗಿದ ಮೇಲೆ ಆ ಮೇಲ್ಮೈಗಳನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದು ಕಾರ್ಡಿಗೆ ಒಪ್ಪಿಸಲಾಗುತ್ತದೆ. ತಿರುಗಿಸುವಾಗ ಅವನ್ನು ಮತ್ತೆ ಮತ್ತೆ ಬಿಡಿಸುವುದು ಕಾರ್ಡಿನ ಹೊಣೆ. ಆದ್ದರಿಂದ ಹೊಸ ಕಾರ್ಡು ಚಿತ್ರ ತಡೆತಡೆದು ಚಲಿಸುವ ತೊಂದರೆಯನ್ನು ಕಡಿಮೆ ಮಾಡಬಲ್ಲದು, ಅಳತೆ ಬದಲಿಸಿದಾಗ ಕಾಯುವ ತೊಂದರೆಯನ್ನು ಕಡಿಮೆ ಮಾಡಲಾರದು. ಇದನ್ನು ತಿಳಿಯದೆ ದುಬಾರಿ ಕಾರ್ಡು ಕೊಂಡು ನಿರಾಶರಾಗುವವರ ಬಗ್ಗೆ ನನಗೆ ನಿಜಕ್ಕೂ ಬೇಸರವಾಗುತ್ತದೆ, ಏಕೆಂದರೆ ಸಣ್ಣ ಕಾರ್ಖಾನೆಗೆ ಅದು ಸಣ್ಣ ಮೊತ್ತವಲ್ಲ.

ಹಣ ಕೊಡುವ ಮೊದಲು ಎರಡು ಪರೀಕ್ಷೆ ಮಾಡಿ. ಸಾಲಿಡ್‌ವರ್ಕ್ಸ್‌ನ ಇವ್ಯಾಲ್ಯುಯೇಟ್ ಪಟ್ಟಿಯಲ್ಲಿ ಪರ್ಫಾರ್ಮೆನ್ಸ್ ಇವ್ಯಾಲ್ಯುಯೇಶನ್ ಎಂಬ ಸಾಧನವಿದೆ; ಯಾವ ಬಿಡಿಭಾಗ ಎಷ್ಟು ಸಮಯ ತಿನ್ನುತ್ತಿದೆ, ಯಾವುದರಲ್ಲಿ ತ್ರಿಕೋನಗಳು ಅತಿಯಾಗಿವೆ ಎಂಬುದನ್ನು ಅದು ತೋರಿಸುತ್ತದೆ. ಬಹಳಷ್ಟು ಕಡೆ ತಪ್ಪಿತಸ್ಥರಾಗಿ ಸಿಗುವುದು ಸುರುಳಿ ಎಳೆಗಳನ್ನು ನಿಜವಾಗಿಯೇ ಕೊರೆದು ಮಾಡಿದ ಬೋಲ್ಟುಗಳು, ಮತ್ತು ತಯಾರಕರ ಜಾಲತಾಣದಿಂದ ಒಳಗಿನ ಬೇರಿಂಗ್, ಸ್ಪ್ರಿಂಗುಗಳ ಸಮೇತ ಇಳಿಸಿಕೊಂಡ ಸಿಲಿಂಡರಿನ ಮಾದರಿಗಳು. ಎಳೆಗಳಿಗೆ ಕಾಸ್ಮೆಟಿಕ್ ಥ್ರೆಡ್ (ಕೊರೆಯದೆ ಗುರುತಿನಿಂದಷ್ಟೇ ತೋರಿಸುವ ಎಳೆ) ಬಳಸಿ, ಹೊರಗಿನಿಂದ ತಂದ ಮಾದರಿಗಳ ಒಳಭಾಗವನ್ನು ತೆಗೆದುಹಾಕಿ ನೋಡಿ. ಖರ್ಚಿಲ್ಲದೆಯೇ ಗಣನೀಯ ವ್ಯತ್ಯಾಸ ಕಾಣಬಹುದು. ಇನ್ನು ತೆರೆಯ ಮೇಲೆ ಗೆರೆಗಳು ಮಾಯವಾಗುವುದು, ಮುಖಗಳು ಹರಿದಂತೆ ಕಾಣುವುದು ಮುಂತಾದ ದೋಷಗಳಿದ್ದರೆ, ಎಲ್ಲ ಕಡತಗಳನ್ನು ಮುಚ್ಚಿ ಸಿಸ್ಟಮ್ ಆಪ್ಷನ್ಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ‘ಯೂಸ್ ಸಾಫ್ಟ್‌ವೇರ್ ಓಪನ್‌ಜಿಎಲ್’ ಎಂಬುದಕ್ಕೆ ಗುರುತು ಹಾಕಿ. ಆಗ ಚಿತ್ರ ಬಿಡಿಸುವ ಕೆಲಸ ಕಾರ್ಡಿನ ಬದಲು ಪ್ರೊಸೆಸರಿಗೆ ಹೋಗಿ ಎಲ್ಲವೂ ನಿಧಾನವಾಗುತ್ತದೆ, ಆದರೆ ದೋಷ ಮಾಯವಾದರೆ ಕಾರ್ಡು ಅಥವಾ ಅದರ ಡ್ರೈವರಿನದೇ (ಕಾರ್ಡನ್ನು ನಡೆಸುವ ತಂತ್ರಾಂಶದ್ದೇ) ತಪ್ಪು ಎಂದು ಖಚಿತಪಡಿಸಿಕೊಳ್ಳಬಹುದು. ಪರೀಕ್ಷೆಯ ನಂತರ ಆ ಗುರುತನ್ನು ತೆಗೆಯಲು ಮರೆಯಬೇಡಿ.

ನಿಮ್ಮ ಕೆ2000 ಬದಲಾಗಬೇಕಾದದ್ದೇ. ಅದರಲ್ಲಿರುವುದು 2 ಜಿಬಿ ಮೆಮೊರಿ, ಅದು ಕೆಪ್ಲರ್ ತಲೆಮಾರಿನದು, ಆ ತಲೆಮಾರಿಗೆ 470ನೆಯ ಸರಣಿಯ ಡ್ರೈವರೇ ಕೊನೆಯದು. ಅಗ್ಗಕ್ಕೆ ಸಿಗುತ್ತದೆಂದು ಅದೇ ಕಾಲದ ಕೆ4000 ಕಾರ್ಡನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲೂ ಹೋಗಬೇಡಿ.

ಇನ್ನು ಜೀಫೋರ್ಸ್ ವಿಚಾರ. ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ: ಅದೇ ಬೆಲೆಗೆ ಜೀಫೋರ್ಸ್‌ನಲ್ಲಿ ಹೆಚ್ಚು ಶಕ್ತಿಯ ಚಿಪ್ ಸಿಗುತ್ತದೆ. ಕ್ವಾಡ್ರೊದಂಥ ವೃತ್ತಿಪರ ವರ್ಕ್‌ಸ್ಟೇಶನ್ ಕಾರ್ಡಿನಲ್ಲಿ ನೀವು ಹಣ ಕೊಡುವುದು ಡ್ರೈವರಿಗೆ ಮತ್ತು ಪ್ರಮಾಣೀಕರಣಕ್ಕೆ. ಸಾಲಿಡ್‌ವರ್ಕ್ಸ್ ತನ್ನ ಜಾಲತಾಣದಲ್ಲಿ ಯಾವ ಆವೃತ್ತಿಗೆ ಯಾವ ಕಾರ್ಡು, ಯಾವ ಡ್ರೈವರ್ ಪರೀಕ್ಷೆಯಾಗಿದೆ ಎಂಬ ಪಟ್ಟಿಯನ್ನು ಪ್ರಕಟಿಸುತ್ತದೆ. ರಿಯಲ್‌ವ್ಯೂ ಎಂಬ ಹೊಳಪಿನ ನೋಟವೂ ಸಾಮಾನ್ಯವಾಗಿ ಅಂಥ ಕಾರ್ಡುಗಳಿಗಷ್ಟೇ ತೆರೆದುಕೊಳ್ಳುತ್ತದೆ. ದಿನವಿಡೀ ಸಾಲಿಡ್‌ವರ್ಕ್ಸ್ ಒಂದನ್ನೇ ನಂಬಿ, ಗ್ರಾಹಕರಿಗೆ ಹೇಳಿದ ದಿನಕ್ಕೆ ಕೆಲಸ ಒಪ್ಪಿಸಬೇಕಾದವರು ಪಟ್ಟಿಯಲ್ಲಿರುವ ಕಾರ್ಡನ್ನೇ ಕೊಳ್ಳಬೇಕೆಂಬುದು ನನ್ನ ದೃಢ ಅಭಿಪ್ರಾಯ. ಈ ಕಾರ್ಡುಗಳ ಚಿಪ್ ತಯಾರಿಸುವ ಎನ್‌ವಿಡಿಯಾ 2020ರಲ್ಲಿ ಹೊಸ ತಲೆಮಾರಿನ ಕಾರ್ಡುಗಳಿಂದ ಕ್ವಾಡ್ರೊ ಎಂಬ ಹೆಸರನ್ನು ಕೈಬಿಟ್ಟಿದೆ, ಆದುದರಿಂದ ಅಂಗಡಿಯಲ್ಲಿ ಆರ್‌ಟಿಎಕ್ಸ್ ಎ1000 ಅಥವಾ ಆರ್‌ಟಿಎಕ್ಸ್ ಎ2000 ಎಂದು ಕೇಳಿ. ಎ1000ದಲ್ಲಿ 8 ಜಿಬಿ ಮೆಮೊರಿಯಿದ್ದು ಅದು ಗರಿಷ್ಠ 50 ವ್ಯಾಟ್ ಬಳಸುತ್ತದೆ. ಎ2000ದಲ್ಲಿ 6 ಮತ್ತು 12 ಜಿಬಿಯ ಎರಡು ಮಾದರಿಗಳಿದ್ದು ಅದರ ಮಿತಿ 70 ವ್ಯಾಟ್. ಮದರ್‌ಬೋರ್ಡಿನ ಸ್ಲಾಟಿನಿಂದಲೇ 75 ವ್ಯಾಟ್‌ವರೆಗೆ ದೊರೆಯುವುದರಿಂದ ಎರಡಕ್ಕೂ ಬೇರೆ ವಿದ್ಯುತ್ ತಂತಿ ಬೇಡ, ಹಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಬದಲಿಸಬೇಕಾಗಿಯೂ ಬರುವುದಿಲ್ಲ. ಇವುಗಳಲ್ಲಿ ಎಚ್‌ಡಿಎಂಐ ಇರುವುದಿಲ್ಲ. ಇರುವುದು ಮಿನಿ ಡಿಸ್‌ಪ್ಲೇಪೋರ್ಟ್ ಮಾತ್ರ. ಮಾನಿಟರಿಗೆ ತಕ್ಕ ಅಡಾಪ್ಟರನ್ನು ಜೊತೆಗೇ ಕೇಳಿ ಪಡೆಯಿರಿ.

ಪ್ರಶ್ನೆ: ನಾನು ಮೈಸೂರಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದೇನೆ. ಕಟ್ಟಡ ವಿನ್ಯಾಸದ ತಂತ್ರಾಂಶ ರೆವಿಟ್ ಮತ್ತು ಆ ವಿನ್ಯಾಸವನ್ನು ನೈಜ ದೃಶ್ಯವಾಗಿ ತೋರಿಸುವ ಎನ್‌ಸ್ಕೇಪ್ ಬಳಸಲು ಲ್ಯಾಪ್‌ಟಾಪ್ ಬೇಕು. ಎರಡು ಲ್ಯಾಪ್‌ಟಾಪುಗಳಲ್ಲಿ ಒಂದೇ ಆರ್‌ಟಿಎಕ್ಸ್ 4060 ಇದ್ದರೂ ಬೆಲೆಯಲ್ಲಿ ತುಂಬಾ ಅಂತರವಿದೆ. ಏಕೆ?

ಉತ್ತರ: ಎನ್‌ಸ್ಕೇಪ್, ಲುಮಿಯಾನ್, ಟ್ವಿನ್‌ಮೋಷನ್ ಮುಂತಾದವು ಬೆಳಕು ನೆರಳುಗಳನ್ನು ಆ ಕ್ಷಣದಲ್ಲೇ ಲೆಕ್ಕ ಹಾಕುತ್ತವೆ, ಆದ್ದರಿಂದ ನಿಮ್ಮ ಕೆಲಸಕ್ಕೆ ಜೀಫೋರ್ಸ್ ಸರಿಯಾದ ಆಯ್ಕೆ, ವರ್ಕ್‌ಸ್ಟೇಶನ್ ಕಾರ್ಡಿಗಾಗಿ ಮನೆಯವರ ಮೇಲೆ ಹೆಚ್ಚಿನ ಹೊರೆ ಹಾಕಬೇಕಿಲ್ಲ. ಬೆಲೆಯ ಅಂತರಕ್ಕೆ ಪರದೆ, ಪ್ರೊಸೆಸರುಗಳಂಥ ಕಾರಣಗಳೂ ಇರಬಹುದು, ಆದರೆ ನೀವು ಮುಖ್ಯವಾಗಿ ನೋಡಬೇಕಾದದ್ದು ಕಾರ್ಡಿಗೆ ಸಿಗುವ ವಿದ್ಯುತ್ತನ್ನು. ಲ್ಯಾಪ್‌ಟಾಪಿನ 4060 ಚಿಪ್ಪಿಗೆ 35ರಿಂದ 115 ವ್ಯಾಟ್‌ವರೆಗಿನ ಯಾವುದೇ ಮಿತಿಯನ್ನು ಇಡಲು ತಯಾರಕರಿಗೆ ಅವಕಾಶವಿದೆ. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಶಾಖ ಹೊರಹೋಗಲು ಜಾಗವಿಲ್ಲದ ಕಾರಣ ಮಿತಿಯನ್ನು ಕೆಳಗಿಡುತ್ತಾರೆ, ಆಗ ಹೆಸರು ಅದೇ ಆದರೂ ರೆಂಡರಿಂಗ್ (ಬೆಳಕು ನೆರಳಿನ ಚಿತ್ರ ಬಿಡಿಸುವುದು) ನಿಧಾನವಾಗುತ್ತದೆ. ವಿವರಪಟ್ಟಿಯಲ್ಲಿ ಟಿಜಿಪಿ ಎಂದು ಬರೆದಿರುವ ಸಂಖ್ಯೆ ಅದೇ. ಬರೆದಿಲ್ಲದಿದ್ದರೆ ಮಾರುವವರನ್ನು ಕೇಳದೆ ಕೊಳ್ಳಬೇಡಿ. 6 ಜಿಬಿಯ 4050ಕ್ಕಿಂತ 8 ಜಿಬಿಯ 4060 ಮೇಲು, ಏಕೆಂದರೆ ಮರಗಿಡ, ಪೀಠೋಪಕರಣ ತುಂಬಿದ ದೃಶ್ಯಗಳಲ್ಲಿ ಮೊದಲು ಸಾಲದೆ ಹೋಗುವುದು ಕಾರ್ಡಿನ ಮೆಮೊರಿಯೇ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮನೆಗಳ ನಕ್ಷೆಗಳನ್ನು ಆಟೋಕ್ಯಾಡ್ ಎಲ್‌ಟಿಯಲ್ಲಿ ಬರೆಯುತ್ತೇನೆ. ನನಗೂ ಕಾರ್ಡು ಬೇಕೇ?

ಉತ್ತರ: ಬೇಡ. ಎರಡು ಆಯಾಮದ ನಕ್ಷೆಗೆ ಇಂದಿನ ಬಹುತೇಕ ಪ್ರೊಸೆಸರುಗಳಲ್ಲಿಯೇ ಇರುವ ಗ್ರಾಫಿಕ್ಸ್ ಸಾಕು. ಅದು ಕಂಪ್ಯೂಟರಿನ ರ‍್ಯಾಮನ್ನೇ ಹಂಚಿಕೊಂಡು ಕೆಲಸ ಮಾಡುವುದರಿಂದ 16 ಜಿಬಿಯ ಒಂದೇ ರ‍್ಯಾಮ್ ಹಾಕಿಸುವ ಬದಲು 8 ಜಿಬಿಯ ಎರಡನ್ನು ಜೋಡಿಯಾಗಿ ಹಾಕಿಸಿ. ಹಾಗೆ ಮಾಡಿದರೆ ಗ್ರಾಫಿಕ್ಸಿಗೆ ದತ್ತಾಂಶ ಹೆಚ್ಚು ವೇಗವಾಗಿ ತಲುಪುತ್ತದೆ. ಕಾರ್ಡಿಗೆಂದು ತೆಗೆದಿಟ್ಟ ಹಣದಲ್ಲಿ ಎರಡನೆಯ ಮಾನಿಟರ್ ಕೊಂಡರೆ ಒಂದರಲ್ಲಿ ಸೈಟಿನ ಅಳತೆಯ ನಕ್ಷೆಯನ್ನು ತೆರೆದಿಟ್ಟು ಇನ್ನೊಂದರಲ್ಲಿ ಮನೆಯ ನಕ್ಷೆಯನ್ನು ಬರೆಯಬಹುದು.