2.6 ಜಿಪಿಎ ಮತ್ತು ಫಾರ್ಮಸಿ ಸೀಟು: ನ್ಯೂಜೆರ್ಸಿಯ ತಮ್ಮನಿಗೆ ಉತ್ತರ

ತಮ್ಮಾ,

ನಿನ್ನ ಉದ್ದದ ಪತ್ರ ಓದಿದೆ. ದಾವಣಗೆರೆಯಿಂದ ಅಪ್ಪ ಅಮ್ಮನ ಜೊತೆ ಗ್ರೀನ್ ಕಾರ್ಡ್ ಮೇಲೆ ನ್ಯೂಜೆರ್ಸಿಗೆ ಬಂದಿದ್ದೀಯ, ರಾತ್ರಿ ಗ್ಯಾಸ್ ಸ್ಟೇಷನ್ನಿನಲ್ಲಿ ಕೆಲಸ, ಹಗಲು ಬಯಾಲಜಿ ಓದು. 90 ಕ್ರೆಡಿಟ್ ಮುಗಿದಿದೆ, ಒಟ್ಟು ಜಿಪಿಎ, ಅಂದ್ರೆ 4ಕ್ಕೆ ಲೆಕ್ಕ ಹಾಕೋ ಗ್ರೇಡುಗಳ ಸರಾಸರಿ, 2.6. ಇದನ್ನಿಟ್ಟುಕೊಂಡು ಫಾರ್ಮ್‌ಡಿಗೆ (ಇಲ್ಲಿ ಫಾರ್ಮಸಿಸ್ಟ್ ಆಗೋಕೆ ಬೇಕಾದ ಡಿಗ್ರಿ) ಅರ್ಜಿ ಹಾಕಬಹುದಾ, ಕೆಟ್ಟ ಗ್ರೇಡ್ ಬಂದ ಕೋರ್ಸು ಮತ್ತೆ ತಗೊಂಡ್ರೆ ಹಳೆಯದು ಅಳಿಸಿ ಹೋಗುತ್ತಾ, ಯಾವುದೂ ಆಗದಿದ್ರೆ ಚಿಕ್ಕಪ್ಪ ಹೇಳಿದ ಹಾಗೆ ಊರಿಗೆ ಹೋಗಿ ಬಾಪೂಜಿ ಕಾಲೇಜಿನಲ್ಲಿ ಬಿ.ಫಾರ್ಮ್ ಮುಗಿಸಿಕೊಂಡು ಬಂದ್ರೆ ಹೇಗೆ ಅಂತ ಕೇಳಿದ್ದೀಯ.

ಚಿಕ್ಕಪ್ಪನ ಮಾತು ಮೊದಲು ಮುಗಿಸೋಣ, ಅದು ಸುಲಭ. ಬೇಡ. ಹೊರದೇಶದಲ್ಲಿ ಫಾರ್ಮಸಿ ಓದಿದವರು ಇಲ್ಲಿ ಲೈಸೆನ್ಸ್ ತಗೋಬೇಕಾದ್ರೆ ಎನ್‌ಎಬಿಪಿಯವರ (ರಾಜ್ಯಗಳ ಫಾರ್ಮಸಿ ಬೋರ್ಡುಗಳ ರಾಷ್ಟ್ರೀಯ ಸಂಘ) ಎಫ್‌ಪಿಜಿಇಸಿ ಅನ್ನೋ ಸರ್ಟಿಫಿಕೇಟ್ ಬೇಕು. 2003ರ ಜನವರಿ 1ರ ನಂತರ ಪದವಿ ಪಡೆದವರಿಗೆ ಅದಕ್ಕೆ ಕನಿಷ್ಠ ಐದು ವರ್ಷದ ಫಾರ್ಮಸಿ ಕೋರ್ಸ್ ಆಗಿರಬೇಕು. ನಮ್ಮ ಬಿ.ಫಾರ್ಮ್ ನಾಲ್ಕೇ ವರ್ಷ. ಚಿಕ್ಕಪ್ಪನ ಸ್ನೇಹಿತರು ಬಿ.ಫಾರ್ಮ್ ಮೇಲೆ ಬಂದು ಇಲ್ಲಿ ಫಾರ್ಮಸಿಸ್ಟ್ ಆದದ್ದು ನಿಜವೇ ಇರಬಹುದು, ಆದ್ರೆ ಅದು ಈ ನಿಯಮಕ್ಕಿಂತ ಹಿಂದಿನ ಕಥೆ. 2008ರಲ್ಲಿ ಭಾರತದಲ್ಲಿ ಶುರುವಾದ ಆರು ವರ್ಷದ ಫಾರ್ಮ್‌ಡಿ ಆದ್ರೆ ನಡೆಯುತ್ತೆ. ಆದ್ರೆ ಆರು ವರ್ಷ ಅಲ್ಲಿ ಕೂತ್ರೆ ನಿನ್ನ ಗ್ರೀನ್ ಕಾರ್ಡ್ ಏನಾಗುತ್ತೆ? ಅನುಮತಿ ಇಲ್ಲದೆ ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ರೇ ಅದಕ್ಕೆ ಕುತ್ತು. ಚಿಕ್ಕಪ್ಪನಿಗೆ ನಮಸ್ಕಾರ ಹೇಳು, ಇಲ್ಲೇ ಓದು.

ಇನ್ನು ಸೀಟಿನ ಮಾತು. ಸಿಗುತ್ತೆ. ಸಮಾಧಾನಕ್ಕೆ ಹೇಳ್ತಾ ಇಲ್ಲ, ಲೆಕ್ಕ ಹಾಗಿದೆ. 2000ನೇ ಇಸವಿಯ ಹೊತ್ತಿಗೆ ಈ ದೇಶದಲ್ಲಿ 80ರ ಆಸುಪಾಸು ಇದ್ದ ಫಾರ್ಮಸಿ ಕಾಲೇಜುಗಳು ಆಮೇಲೆ 140 ದಾಟಿದವು. ಅದೇ ಹೊತ್ತಿಗೆ ಅರ್ಜಿ ಹಾಕೋರು ಕಡಿಮೆಯಾಗ್ತಾ ಬಂದ್ರು. ಫೀಸು ಏರಿತು, ಚೈನ್ ಅಂಗಡಿಗಳಲ್ಲಿ ಒಬ್ಬನೇ ನಿಂತು ದಿನವಿಡೀ ದುಡಿಯೋದನ್ನು ನೋಡಿ ಮಕ್ಕಳು ಬೇರೆ ಕಡೆ ಮುಖ ಮಾಡಿದ್ರು. ಪಿಕ್ಯಾಟ್ ಅಂತ ಒಂದು ಪ್ರವೇಶ ಪರೀಕ್ಷೆ ಇತ್ತು, ಅದನ್ನೂ 2024ರ ಜನವರಿಯ ನಂತರ ನಿಲ್ಲಿಸಿಬಿಟ್ರು. 2.5 ಇದ್ರೆ ಸಾಕು ಅನ್ನೋ ಕಾಲೇಜುಗಳಿವೆ, ಕನಿಷ್ಠ ಮಿತಿಯೇ ಇಲ್ಲ ಅನ್ನೋವೂ ಇವೆ. ಖಾಲಿ ಬೆಂಚು ತುಂಬಿಸೋದು ಅವರಿಗೂ ಬೇಕಾಗಿದೆ.

ಹಾಗಾಗಿ ಸೀಟು ಸಿಗುತ್ತಾ ಅನ್ನೋದಕ್ಕಿಂತ ಎಲ್ಲಿ ಸಿಗುತ್ತೆ ಅಂತ ತಲೆ ಕೆಡಿಸಿಕೋ. ನಾನಿರೋದು ಆಸ್ಪತ್ರೆ ಫಾರ್ಮಸಿಯಲ್ಲಿ. ಕೊನೆಯ ವರ್ಷದ ವಿದ್ಯಾರ್ಥಿಗಳು ರೊಟೇಷನ್ನಿಗೆ, ಅಂದ್ರೆ ಕೆಲಸದ ತರಬೇತಿಗೆ, ನಮ್ಮಲ್ಲಿಗೆ ಬರ್ತಾರೆ. ವ್ಯಾಂಕೊಮೈಸಿನ್ ಅನ್ನೋ ಆ್ಯಂಟಿಬಯಾಟಿಕ್ಕಿನ ಡೋಸ್ ಲೆಕ್ಕ ಹಾಕು ಅಂದ್ರೆ ಬೆವರೋ ಹುಡುಗರನ್ನು ನೋಡಿದ್ದೀನಿ. ಅವರ ತಪ್ಪು ಅಂತ ಪೂರ್ತಿ ಹೇಳೋಕಾಗಲ್ಲ. ಸುಲಭಕ್ಕೆ ಒಳಗೆ ಬಿಟ್ಕೊಂಡ ಕಾಲೇಜು ಆಮೇಲೆ ಕೈ ಹಿಡಿದು ಕಲಿಸಲಿಲ್ಲ. ನಾಲ್ಕು ವರ್ಷ ಆದ ಮೇಲೆ ನೇಪ್ಲೆಕ್ಸ್ ಅಂತ ಲೈಸೆನ್ಸ್ ಪರೀಕ್ಷೆ ಇದೆ, 225 ಪ್ರಶ್ನೆ, ಆರು ಗಂಟೆ. 2014ರ ಹೊತ್ತಿಗೆ ಮೊದಲ ಸಲಕ್ಕೇ 100ಕ್ಕೆ 90ಕ್ಕಿಂತ ಹೆಚ್ಚು ಮಂದಿ ಪಾಸಾಗ್ತಿದ್ರು. 2023ರಲ್ಲಿ ಅದು 80ಕ್ಕಿಂತ ಕೆಳಗೆ ಬಂತು. ಪಾಸಾಗದಿದ್ರೆ ಡಿಗ್ರಿ ಇದ್ದೂ ಫಾರ್ಮಸಿಸ್ಟ್ ಅಲ್ಲ, ಸಾಲ ಮಾತ್ರ ನಿನ್ನದೇ.

ಎನ್‌ಎಬಿಪಿ ಪ್ರತಿ ವರ್ಷ ಕಾಲೇಜುವಾರು ಫಲಿತಾಂಶ ಪ್ರಕಟಿಸುತ್ತೆ. ಯಾರು ಬೇಕಾದ್ರೂ ನೋಡಬಹುದು. ಮೂರು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡು. ಎಷ್ಟು ಜನ ಸೇರಿದ್ರು, ಅದರಲ್ಲಿ ಎಷ್ಟು ಜನ ಸರಿಯಾಗಿ ನಾಲ್ಕು ವರ್ಷಕ್ಕೆ ಹೊರಬಂದ್ರು ಅನ್ನೋದನ್ನೂ ನೋಡು. ಮಾನ್ಯತೆ ಕೊಡುವ ಎಸಿಪಿಇ ಕಾಲೇಜುಗಳಿಂದ ಆ ಲೆಕ್ಕ ಹಾಕಿಸುತ್ತೆ. ಕಟ್ಟಡದ ಫೋಟೋ, ಬಿಳಿ ಕೋಟು ತೊಡಿಸೋ ಸಮಾರಂಭದ ವಿಡಿಯೋ ನೋಡಿ ಮರುಳಾಗಬೇಡ. ನಿನ್ನ ರಾಜ್ಯದಲ್ಲಿ ಇರೋದು ರಟ್ಗರ್ಸ್ ಮತ್ತೆ ಫೇರ್ಲಿ ಡಿಕಿನ್ಸನ್ ಎರಡೇ. ರಟ್ಗರ್ಸಿಗೆ ಹೆಚ್ಚಿನವರು ಹೈಸ್ಕೂಲಿನಿಂದಲೇ ನೇರ ಆರು ವರ್ಷದ ಕೋರ್ಸಿಗೆ ಸೇರಿಕೊಳ್ತಾರೆ, ಮಧ್ಯದಲ್ಲಿ ಜಾಗ ಕಮ್ಮಿ. ನದಿ ದಾಟಿದ್ರೆ ಫಿಲಡೆಲ್ಫಿಯಾದಲ್ಲಿ ಟೆಂಪಲ್, ಜೆಫರ್ಸನ್, ಸೇಂಟ್ ಜೋಸೆಫ್ಸ್ ಇವೆ. (ಸೇಂಟ್ ಜೋಸೆಫ್ಸ್‌ನೊಳಗೆ ಈಗ ಸೇರಿಹೋಗಿರೋದು 1821ರಲ್ಲಿ ಶುರುವಾದ ಫಿಲಡೆಲ್ಫಿಯಾ ಕಾಲೇಜ್ ಆಫ್ ಫಾರ್ಮಸಿ, ಈ ಖಂಡದ ಮೊಟ್ಟಮೊದಲ ಫಾರ್ಮಸಿ ಕಾಲೇಜು.) ಮನೆಯಿಂದ ಓಡಾಡಿ ಓದೋ ದೂರದಲ್ಲಿ ಮೊದಲು ನೋಡಬೇಕಾದವು ಇವು.

ಈಗ ಅಳಿಸೋ ವಿಷಯ. ನಿನ್ನ ಕಾಲೇಜು ಹೊಸ ಗ್ರೇಡ್ ಬಂದ ಮೇಲೆ ಹಳೆಯದನ್ನು ಲೆಕ್ಕದಿಂದ ಬಿಡಬಹುದು. ಆದ್ರೆ ಅರ್ಜಿ ಹೋಗೋದು ಫಾರ್ಮ್‌ಕ್ಯಾಸ್ ಅನ್ನೋ ಫಾರ್ಮಸಿ ಕಾಲೇಜುಗಳ ಕೇಂದ್ರೀಯ ಅರ್ಜಿ ವ್ಯವಸ್ಥೆ ಮೂಲಕ, ಅವರು ಎರಡನ್ನೂ ಹಿಡೀತಾರೆ. ಜನರಲ್ ಕೆಮಿಸ್ಟ್ರಿಯಲ್ಲಿ ಬಂದ ಡಿ ಅಲ್ಲೇ ಇರುತ್ತೆ, ಹೊಸ ಎ ಅದರ ಪಕ್ಕ ಕೂರುತ್ತೆ. ಕಮ್ಯುನಿಟಿ ಕಾಲೇಜಿನಲ್ಲಿ ಓದಿದ್ದನ್ನು ತೋರಿಸದೆ ಬಿಡೋಣ ಅಂತ ಯಾರೋ ಹೇಳಿದ್ರು ಅಂತ ಬರೆದಿದ್ದೀಯಲ್ಲ, ಆ ಯೋಚನೆ ಈಗಲೇ ಬಿಡು. ಕಾಲಿಟ್ಟ ಪ್ರತಿ ಕಾಲೇಜಿನ ಟ್ರಾನ್ಸ್‌ಕ್ರಿಪ್ಟೂ ಹೋಗಲೇಬೇಕು. ಮುಚ್ಚಿಟ್ಟದ್ದು ಸಿಕ್ಕಿಬಿದ್ರೆ ಸಿಕ್ಕ ಸೀಟೂ ಹೋಗುತ್ತೆ.

ಹಾಗಾದ್ರೆ ಮತ್ತೆ ತಗೊಂಡು ಏನು ಪ್ರಯೋಜನ? ಇದೆ. ಲೆಕ್ಕ ಹಾಕಿ ನೋಡು. 90 ಕ್ರೆಡಿಟ್ಟಿಗೆ 2.6 ಅಂದ್ರೆ 234 ಪಾಯಿಂಟು. ಇನ್ನು 30 ಕ್ರೆಡಿಟ್ 3.8ರಲ್ಲಿ ಮಾಡಿದ್ರೆ 114 ಸೇರಿ 348. 120ರಿಂದ ಭಾಗಿಸಿದ್ರೆ 2.9. ಒಂದು ವರ್ಷ ಜೀವ ತೇಯ್ದ್ರೂ ಮೂರು ಮುಟ್ಟಲ್ಲ. ಒಟ್ಟು ಜಿಪಿಎ ಅಷ್ಟು ಜಡ, ಅದನ್ನು ಎತ್ತೋಕೆ ಹೊರಟು ಸೋಷಿಯಾಲಜಿ, ಸಂಗೀತ ಅಂತ ಸುಲಭದ ಕೋರ್ಸು ಪೇರಿಸಬೇಡ. ಫಾರ್ಮ್‌ಕ್ಯಾಸ್ ವಿಜ್ಞಾನದ ಜಿಪಿಎಯನ್ನು ಬೇರೆಯಾಗಿ ತೆಗೆದು ತೋರಿಸುತ್ತೆ. ನೀನು ಕಳಿಸಿದ ಪಟ್ಟಿಯಲ್ಲಿ ವಿಜ್ಞಾನ 40 ಕ್ರೆಡಿಟ್, 2.4. ಅದಕ್ಕೆ 24 ಕ್ರೆಡಿಟ್ 3.8ರಲ್ಲಿ ಸೇರಿಸಿದ್ರೆ 2.92 ಆಗುತ್ತೆ. ಅರ್ಧ ಪಾಯಿಂಟ್ ಏರಿತು. ಅದಕ್ಕಿಂತ ಮುಖ್ಯ, ಕೊನೆಯ ಎರಡು ಸೆಮಿಸ್ಟರ್ ಮಾತ್ರ ನೋಡಿದೋರಿಗೆ ಬೇರೆಯೇ ಹುಡುಗ ಕಾಣ್ತಾನೆ. ನಮ್ಮ ಸಿಇಟಿಯಲ್ಲಿ ರ‍್ಯಾಂಕು ಒಂದು ನಂಬರ್, ಅದರ ಹಿಂದೆ ಏನಾಯ್ತು ಅಂತ ಯಾರೂ ಕೇಳಲ್ಲ. ಇಲ್ಲಿ ಕಮಿಟಿ ಕೂತು ಸೆಮಿಸ್ಟರ್ ಸೆಮಿಸ್ಟರ್ ಓದುತ್ತೆ, ಏರಿಕೆ ಇದೆಯಾ ಇಳಿತ ಇದೆಯಾ ಅಂತ. ಇನ್ನೊಂದು, ಪ್ರೀರಿಕ್ವಿಸಿಟ್ (ಸೇರೋಕೆ ಮೊದಲೇ ಮುಗಿಸಿರಬೇಕಾದ) ಕೋರ್ಸುಗಳಲ್ಲಿ ಸಿಗಿಂತ ಕೆಳಗಿನ ಗ್ರೇಡನ್ನು ಬಹುಪಾಲು ಕಾಲೇಜು ಒಪ್ಪೋದೇ ಇಲ್ಲ. ಹಾಗಾಗಿ ಆ ಡಿ ಮತ್ತು ಆರ್ಗ್ಯಾನಿಕ್ಕಿನ ಸಿ ಮೈನಸ್ ಎರಡೂ ನೀನು ಹೇಗಿದ್ರೂ ಮತ್ತೆ ಮಾಡಲೇಬೇಕಾದವು.

ಗ್ಯಾಸ್ ಸ್ಟೇಷನ್ ಬಿಟ್ಟು ಫಾರ್ಮಸಿ ಟೆಕ್ನಿಷಿಯನ್ ಕೆಲಸಕ್ಕೆ ಸೇರು. ನ್ಯೂಜೆರ್ಸಿಯಲ್ಲಿ ಬೋರ್ಡ್ ಆಫ್ ಫಾರ್ಮಸಿಯಲ್ಲಿ ಹೆಸರು ನೋಂದಾಯಿಸಬೇಕು, ಆಮೇಲೆ ಟೆಕ್ನಿಷಿಯನ್‌ಗಳಿಗೆ ಸರ್ಟಿಫಿಕೇಟ್ ಕೊಡೋ ಪಿಟಿಸಿಬಿ ಪರೀಕ್ಷೆ ಬರೆದ್ರೆ ಇನ್ನೂ ಒಳ್ಳೇದು. ಸಂಬಳದಲ್ಲಿ ಅಂಥ ವ್ಯತ್ಯಾಸ ಇರಲ್ಲ. ಆದ್ರೆ ಇನ್ಶೂರೆನ್ಸ್ ತಿರಸ್ಕರಿಸಿದ ಕ್ಲೇಮಿನ ಮೇಲೆ ಗಂಟೆಗಟ್ಟಲೆ ಫೋನಿನಲ್ಲಿ ನಿಲ್ಲೋದು, ಔಷಧಿ ಬಂದಿಲ್ಲ ಅಂತ ಕಿರುಚೋರನ್ನು ಸಮಾಧಾನ ಮಾಡೋದು, ಇದೆಲ್ಲ ನಿನಗೆ ಒಗ್ಗುತ್ತಾ ಅಂತ ಸಾಲ ಮಾಡೋಕೆ ಮೊದಲೇ ಗೊತ್ತಾಗುತ್ತೆ. ಅಪ್ಪನಿಗೆ ಫಾರ್ಮಸಿ ಇಷ್ಟ ಅಂತ ಬರೆದಿದ್ದೀಯ. ನಿನಗೆ ಇಷ್ಟ ಅಂತ ಪತ್ರದಲ್ಲಿ ಎಲ್ಲೂ ಕಾಣಲಿಲ್ಲ. ಅಲ್ಲಿನ ಫಾರ್ಮಸಿಸ್ಟ್ ಒಬ್ಬರು ನಿನ್ನ ಬಗ್ಗೆ ಶಿಫಾರಸು ಪತ್ರ ಬರೆದ್ರೆ ಅದಕ್ಕೆ ತೂಕ ಇದೆ. ಮೋಟೆಲ್ ಇಟ್ಕೊಂಡಿರೋ ಮಾವನ ಪತ್ರಕ್ಕಿಲ್ಲ.

ಕಡಿಮೆ ಜಿಪಿಎ ಯಾಕೆ ಬಂತು ಅಂತ ವಿವರಿಸೋಕೆ ಜಾಗ ಕೊಡ್ತಾರೆ. ನೀನು ಕಳಿಸಿದ ಕರಡು ಎರಡು ಪುಟ ಇದೆ, ಅದರಲ್ಲಿ ಒಂದೂವರೆ ಪುಟ ಕಷ್ಟ. ನಾಲ್ಕು ಸಾಲಿಗೆ ಇಳಿಸು. ಬಂದ ವರ್ಷವೇ ವಾರಕ್ಕೆ ಇಷ್ಟು ಗಂಟೆ ರಾತ್ರಿ ಕೆಲಸ ಮಾಡ್ತಿದ್ದೆ, ಆ ಎರಡು ಸೆಮಿಸ್ಟರಿನ ಗ್ರೇಡ್ ಇವು, ಗಂಟೆ ಕಡಿಮೆ ಮಾಡಿದ ಮೇಲಿನ ಗ್ರೇಡ್ ಇವು. ಅಷ್ಟೇ. ಪ್ರೊಫೆಸರ್ ಅನ್ಯಾಯ ಮಾಡಿದ್ರು ಅನ್ನೋ ಸಾಲು ನಿಜವೇ ಆಗಿದ್ರೂ ತೆಗೆದು ಹಾಕು.

ದುಡ್ಡಿನ ಬಗ್ಗೆ ನೀನು ಕೇಳಿಲ್ಲ, ಆದ್ರೂ ಹೇಳ್ತೀನಿ. ಖಾಸಗಿ ಕಾಲೇಜಿನಲ್ಲಿ ಮುಗಿಸೋ ಹೊತ್ತಿಗೆ ಒಂದೂವರೆ ಲಕ್ಷ ಡಾಲರ್ ಸಾಲ ಅಪರೂಪವೇನಲ್ಲ. ಗ್ರೀನ್ ಕಾರ್ಡ್ ಇರೋದ್ರಿಂದ ಸರ್ಕಾರಿ ಸಾಲ ನಿನಗೆ ಸಿಗುತ್ತೆ, ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದೋರಿಗೆ ಅದೂ ಇಲ್ಲ. ಆದ್ರೆ 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ ಅನ್ನೋ ಸರ್ಕಾರಿ ಸಾಲ ಇಲ್ಲ. ಇಂಥ ವೃತ್ತಿ ಕೋರ್ಸಿಗೆ ಇನ್ನು ವರ್ಷಕ್ಕೆ 50,000, ಒಟ್ಟು 2,00,000 ಡಾಲರ್ ಮಿತಿ. ಅದರ ಮೇಲಾದದ್ದು ಖಾಸಗಿ ಬ್ಯಾಂಕು, ಸಹಿ ಹಾಕೋಕೆ ಅಪ್ಪ. ಅಪ್ಪನ ಸಹಿ ಬೇಕಾಗೋ ಕಾಲೇಜಿಗೆ ಸೇರಬೇಡ ಅನ್ನೋದು ನನ್ನ ಅಭಿಪ್ರಾಯ, ಒಪ್ಪೋದು ಬಿಡೋದು ನಿಮ್ಮ ಮನೆಗೆ ಬಿಟ್ಟದ್ದು.

ಈ ವರ್ಷ ಅರ್ಜಿ ಹಾಕಬೇಡ. ಫಾರ್ಮ್‌ಕ್ಯಾಸ್ ಪ್ರತಿ ವರ್ಷ ಜುಲೈ ಹೊತ್ತಿಗೆ ತೆರೆಯುತ್ತೆ, ಬಂದ ಅರ್ಜಿಯನ್ನು ಬಂದ ಹಾಗೆ ನೋಡೋ ಕಾಲೇಜುಗಳೇ ಹೆಚ್ಚು. ಮುಂದಿನ ಜುಲೈಗೆ ಎರಡು ಒಳ್ಳೆಯ ಸೆಮಿಸ್ಟರ್ ಕೈಯಲ್ಲಿಟ್ಕೊಂಡು ಮೊದಲ ವಾರಗಳಲ್ಲೇ ಹಾಕು. ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ಬೇಸಿಗೆಯ ಆರು ವಾರದಲ್ಲಿ ಮುಗಿಸಿಬಿಡ್ತೀನಿ ಅಂದಿದ್ದೀಯಲ್ಲ, ಅದಕ್ಕೆ ಹೆಸರು ಕೊಟ್ಟಿದ್ರೆ ವಾಪಸ್ ತಗೋ. ಬೇಸಿಗೆ ಮುಗಿದ ಮೇಲೆ ಬರೋ ಫಾಲ್ ಸೆಮಿಸ್ಟರಿಗೆ ಹಾಕಿಸಿಕೋ, ಅದರ ಜೊತೆ ದೊಡ್ಡ ಕೋರ್ಸು ಇನ್ನೊಂದೇ ಒಂದು ಇರಲಿ. ಡ್ರಾಪ್ ಮಾಡೋಕೆ ಕೊನೇ ದಿನ ಯಾವಾಗ ಅಂತ ನಾಳೆಯೇ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೇಳು.