ತೂತಿದ್ದ ಮಾತ್ರಕ್ಕೆ ಬಾಣದ ಗಾಯವಲ್ಲ

ಮಾನ್ಯರೇ,

ವೈದ್ಯಕೀಯ ಓದುತ್ತಿರುವ ನಿಮ್ಮ ಮಗಳ ಕಾಲೇಜಿನಲ್ಲಿ ಬಟಾಣಿ ಗಾತ್ರದ, ನುಣುಪು ಅಂಚಿನ ತೂತಿದ್ದ ಎದೆಮೂಳೆಯೊಂದನ್ನು ಕಂಡು, ಇದು ಬಾಣ ತಾಗಿದ್ದೋ ರೋಗ ಕೊರೆದದ್ದೋ ಎಂದು ಕೇಳಿದ್ದೀರಿ. ಮೂಳೆಯಲ್ಲಿ ಯಾವ ಗುರುತೂ ಇಲ್ಲದವರು ಆರೋಗ್ಯವಂತರಾಗಿದ್ದರೇ ಎಂಬುದು ನಿಮ್ಮ ಎರಡನೇ ಪ್ರಶ್ನೆ.

ನೀವು ಕೊಟ್ಟ ವಿವರ ನೋಡಿದರೆ ಅದು ಗಾಯವೂ ಅಲ್ಲ, ರೋಗವೂ ಅಲ್ಲ ಅನಿಸುತ್ತದೆ. ಎದೆಮೂಳೆ ಗರ್ಭದಲ್ಲಿ ಎಡಬಲದ ಎರಡು ಮೃದ್ವಸ್ಥಿ ಪಟ್ಟಿಗಳಾಗಿ ಮೂಡಿ, ಆಮೇಲೆ ನಡುವೆ ಕೂಡಿಕೊಳ್ಳುತ್ತದೆ. ಎಲ್ಲೋ ಒಂದು ಕಡೆ ಆ ಕೂಡಿಕೆ ಅರ್ಧಕ್ಕೆ ನಿಂತರೆ ದುಂಡನೆಯ ತೂತು ಉಳಿಯುತ್ತದೆ, ಹೆಚ್ಚಾಗಿ ಕೆಳಭಾಗದಲ್ಲಿ. ನೂರರಲ್ಲಿ ಐದರ ಆಸುಪಾಸು ಜನರಿಗೆ ಇದು ಇರುತ್ತದೆ, ಬಹುತೇಕರಿಗೆ ಗೊತ್ತೇ ಆಗುವುದಿಲ್ಲ. ಆದರೆ ಎದೆಮೂಳೆಗೆ ಸೂಜಿ ಚುಚ್ಚುವ ವೈದ್ಯರಿಗೆ ಇದರ ಅರಿವು ಇರಲೇಬೇಕು, ಏಕೆಂದರೆ ಹಿಂದೆಯೇ ಹೃದಯವಿದೆ.

ಗುಟ್ಟು ಅಂಚಿನಲ್ಲಿದೆ. ಹುಟ್ಟಿನಿಂದ ಬಂದ ತೂತಿನ ಅಂಚಿಗೆ ಗಟ್ಟಿ ಮೂಳೆಯ ಪದರ ಸುತ್ತಿಕೊಂಡಿರುತ್ತದೆ, ಒಳಗಿನ ಸ್ಪಂಜಿನಂಥ ಭಾಗ ಕಾಣಿಸುವುದಿಲ್ಲ. ಏಟು ಬಿದ್ದು ಆಗಲೇ ಸತ್ತವರಲ್ಲಿ ಅಂಚು ಒಡೆದು ಸ್ಪಂಜು ಬಯಲಾಗಿರುತ್ತದೆ. ರೋಗವಾದರೆ ಅಂಚು ಹುಳ ತಿಂದಂತೆ ಒರಟು. ಸುತ್ತ ಹೊಸ ಮೂಳೆ ಬೆಳೆದಿರಲೂಬಹುದು. ಮಣ್ಣಿನಿಂದ ತೆಗೆದ ಮೂಳೆಯಲ್ಲಿ ಇಲಿಯ ಹಲ್ಲು, ಗಿಡದ ಬೇರು, ಅಗೆಯುವವರ ಗುದ್ದಲಿ ಎಲ್ಲವೂ ಗುರುತು ಬಿಟ್ಟಿರಬಹುದು. ಗುದ್ದಲಿಯ ಗಾಯ ಉಳಿದ ಮೂಳೆಗಿಂತ ಬಿಳಿಚಿಕೊಂಡಿರುವುದರಿಂದ ಬೇಗ ಸಿಕ್ಕಿಬೀಳುತ್ತದೆ.

ಅವಸರದ ತೀರ್ಮಾನ ಇತಿಹಾಸವನ್ನೇ ತಿರುಚಬಲ್ಲದು. 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್, ಮೊಹೆಂಜೊದಾರೊದಲ್ಲಿ ಸಿಕ್ಕ ಅಸ್ಥಿಪಂಜರಗಳು ಆರ್ಯರು ನಡೆಸಿದ ಕಗ್ಗೊಲೆಗೆ ಸಾಕ್ಷಿ ಎಂದಿದ್ದರು. 1980ರ ದಶಕದಲ್ಲಿ ಹಳೆಯ ಮೂಳೆಗಳ ತಜ್ಞ ಕೆನೆತ್ ಕೆನೆಡಿ ಆ ಮೂಳೆಗಳನ್ನು ಮತ್ತೆ ಪರೀಕ್ಷಿಸಿದಾಗ ನಿಜವಾದ ಏಟಿನ ಗುರುತು ತೀರಾ ಅಪರೂಪವಾಗಿತ್ತು. ಕಗ್ಗೊಲೆಯ ಕಥೆ ಮಾತ್ರ ಇಂದಿಗೂ ಓಡಾಡುತ್ತಿದೆ. ಇದು ನನಗೆ ಬೇಸರದ ವಿಷಯ.

ಎರಡನೇ ಪ್ರಶ್ನೆಗೆ ಉತ್ತರ: ಹಾಗೆ ಹೇಳಲಾಗದು. ಮೂಳೆ ರೂಪ ಬದಲಿಸಲು ವಾರಗಟ್ಟಲೆ, ತಿಂಗಳುಗಟ್ಟಲೆ ಸಮಯ ಬೇಕು. ಕಾಲರಾ, ಪ್ಲೇಗು ಅಷ್ಟು ಬಿಡುವು ಕೊಡುವುದಿಲ್ಲ. ಉದಯಪುರದ ಬಳಿಯ ಬಾಲಾಥಲ್‌ನಲ್ಲಿ ಸಿಕ್ಕ, ಸುಮಾರು 4000 ವರ್ಷ ಹಿಂದಿನ ನಡುವಯಸ್ಸಿನ ಗಂಡಸಿನ ತಲೆಬುರುಡೆಯಲ್ಲಿ ಮೂಗಿನ ಸುತ್ತಲಿನ ಮೂಳೆ ಸವೆದಿತ್ತು. ಅದು ಕುಷ್ಠರೋಗ ಎಂದು 2009ರಲ್ಲಿ ವರದಿಯಾಯಿತು. ಮೂಳೆಗೆ ಇಳಿಯುವಷ್ಟು ಕಾಲ ಆ ರೋಗದೊಡನೆ ಬದುಕಿದ್ದ ದೇಹ ಅದು. ಗುರುತಿಲ್ಲದ ಪಕ್ಕದ ಸಮಾಧಿಯವನು ಮೂರೇ ದಿನದ ಜ್ವರಕ್ಕೆ ಹೋಗಿರಬಹುದು.

– ಸಂಪಾದಕ