ಲೈಸೆನ್ಸ್ ಕೈಗೆ ಬಂತು, ಕಲಿಸುವವರು ಎಲ್ಲಿ?

ಲಾರಿ ಚಾಲಕರ ಹಾಗೂ ಅವರ ಮನೆಯವರ ಪ್ರಶ್ನೆಗಳಿಗೆ, 29 ವರ್ಷ ಲಾರಿ ಓಡಿಸಿ ನಿವೃತ್ತರಾದ ಹುಬ್ಬಳ್ಳಿಯ ಹಿರಿಯ ಚಾಲಕರ ಉತ್ತರ

ಪ್ರಶ್ನೆ: ನನಗೆ 23 ವರ್ಷ. ಎರಡು ವರ್ಷ ಊರಿನ ಅಂಗಡಿಯೊಂದರ ಸಣ್ಣ ಗೂಡ್ಸ್ ಗಾಡಿ ಓಡಿಸಿದ್ದೇನೆ. ಮೂರು ತಿಂಗಳ ಹಿಂದೆ ಹೆವಿ ಲೈಸೆನ್ಸ್ ಬಂತು. ಡ್ರೈವಿಂಗ್ ಶಾಲೆಯಲ್ಲಿ ಕಲಿತದ್ದೆಲ್ಲ ಖಾಲಿ ಲಾರಿಯಲ್ಲಿ. ಎಲ್ಲಿಗೆ ಹೋದರೂ ಎರಡು ವರ್ಷದ ಅನುಭವ ಕೇಳುತ್ತಾರೆ. ಹುಬ್ಬಳ್ಳಿಯ ಒಂದು ಏಜೆನ್ಸಿಯವರು ಮಾತ್ರ ನಾಳೆಯೇ ಬಾ ಎನ್ನುತ್ತಿದ್ದಾರೆ. ಕಂಪನಿಗಳಿಗೆ, ಗೋದಾಮುಗಳಿಗೆ ಚಾಲಕರನ್ನು ಕಳಿಸುವುದು ಅವರ ಕೆಲಸ. ದಿನಕ್ಕೆ 700 ರೂಪಾಯಿ, ರಾತ್ರಿ ಹೊರಗೆ ಉಳಿದರೆ 300 ರೂಪಾಯಿ ಬತ್ತಾ. ಆದರೆ ನೋಂದಣಿಗೆಂದು 5,000 ರೂಪಾಯಿ ಕಟ್ಟಬೇಕಂತೆ, ಅಸಲು ಲೈಸೆನ್ಸ್ ಅವರ ಬಳಿಯೇ ಇಡಬೇಕಂತೆ. ಅಪ್ಪ ಬೇಡ ಎನ್ನುತ್ತಾರೆ. ಸೇರಲೇ?
– ಹೆಸರು ಬೇಡ, ಶಿಗ್ಗಾವಿ ತಾಲ್ಲೂಕು

ಉತ್ತರ: ನನ್ನ ಕಿರಿಯ ಮಗನಿಗಿಂತಲೂ ಚಿಕ್ಕವನು ನೀನು. ಏಕವಚನದಲ್ಲಿ ಬರೆದರೆ ಬೇಸರಪಡಬೇಡ.

ಮೊದಲು ಅವಸರದ ಮಾತು. ಅಸಲು ಲೈಸೆನ್ಸನ್ನು ಯಾರ ಕೈಗೂ ಒಪ್ಪಿಸಬೇಡ. ಕೇಳಿದರೆ ತೋರಿಸು, ಜೆರಾಕ್ಸ್ ಕೊಡು, ಆ ಜೆರಾಕ್ಸ್ ಮೇಲೆ ಯಾರಿಗೆ, ಯಾವತ್ತು ಕೊಟ್ಟೆ ಎಂದು ಬರೆದು ಸಹಿ ಹಾಕು. ಲೈಸೆನ್ಸ್ ಅವರ ಕಪಾಟಿಗೆ ಹೋದ ಮೇಲೆ ನೀನು ಕೆಲಸ ಬಿಡಲಾರೆ, ಬಾಕಿ ಸಂಬಳವನ್ನು ಗಟ್ಟಿಯಾಗಿ ಕೇಳಲಾರೆ. ಇಡಿಸಿಕೊಳ್ಳುವುದೇ ಅದಕ್ಕೆ. 5,000 ರೂಪಾಯಿಯನ್ನೂ ಕಟ್ಟಬೇಡ. ಚಾಲಕನನ್ನು ಕಳಿಸಿದ್ದಕ್ಕೆ ಏಜೆನ್ಸಿಗೆ ಕಂಪನಿಯಿಂದ ದುಡ್ಡು ಬರುತ್ತದೆ, ದುಡಿಯಲು ಬಂದವನ ಜೇಬಿಗೂ ಕೈ ಹಾಕುವವರು ಮುಂದೆ ಸಂಬಳದಲ್ಲೂ ಹಾಗೇ ನಡೆದುಕೊಳ್ಳುತ್ತಾರೆ. ಒಪ್ಪದಿದ್ದರೆ ಬೇರೆ ಏಜೆನ್ಸಿ ನೋಡು. ಅಂಚಟಗೇರಿಯ ಟ್ರಕ್ ಟರ್ಮಿನಲ್ ಹತ್ತಿರದ ಚಹಾದಂಗಡಿಗಳಲ್ಲಿ ಒಂದು ಬೆಳಗ್ಗೆ ಕುಳಿತುಬಿಡು. ಹತ್ತನೇ ತಾರೀಖಿನೊಳಗೆ ಸಂಬಳ ಕೊಡುವವರು ಯಾರು, ಸತಾಯಿಸುವವರು ಯಾರು ಎಂಬುದನ್ನು ಅಲ್ಲಿನ ಚಾಲಕರೇ ಹೇಳುತ್ತಾರೆ.

ಏಜೆನ್ಸಿ ಕೆಲಸವೇ ಬೇಡ ಎಂದು ನಾನು ಹೇಳಲಾರೆ. ಅನುಭವ ಇಲ್ಲದ ಹುಡುಗನಿಗೆ ಇಂದು ಬಾಗಿಲು ತೆರೆಯುವವರು ಅವರೇ. ನನ್ನ ಚಿಂತೆ ಬೇರೆ. ನಿನಗೆ ಕೆಲಸ ಕಲಿಸುವವರು ಯಾರು?

ನಾನು 1986ರಲ್ಲಿ ಕ್ಲೀನರ್ ಆಗಿ ಲಾರಿ ಹತ್ತಿದವನು. ನಾಲ್ಕು ವರ್ಷ ಒಂದೇ ಲಾರಿ, ಒಬ್ಬರೇ ಉಸ್ತಾದ್, ಅಂದರೆ ಕೆಲಸ ಕಲಿಸುವ ಹಿರಿಯ ಚಾಲಕರು. ಲೈಸೆನ್ಸ್ ಬಂದದ್ದು ಆಮೇಲೆ. 1991ರ ಮಳೆಗಾಲ ಮುಗಿಯುತ್ತಿದ್ದಾಗ ಬಾಗಲಕೋಟೆಯಿಂದ 200 ಚೀಲ ಸಿಮೆಂಟು, ಅಂದರೆ ಹತ್ತು ಟನ್, ಹೇರಿಕೊಂಡು ಕಾರವಾರಕ್ಕೆ ಹೊರಟಿದ್ದೆವು. ಯಲ್ಲಾಪುರ ದಾಟಿ ಅರಬೈಲ್ ಘಟ್ಟದ ತಲೆಯಲ್ಲಿ ಉಸ್ತಾದರು ಗಾಡಿ ನಿಲ್ಲಿಸಿ, ಸ್ಟಿಯರಿಂಗ್ ನನಗೆ ಬಿಟ್ಟುಕೊಟ್ಟರು. ಹತ್ತುವ ಮೊದಲು ಕೆಳಗಿಳಿಸಿ ಬ್ರೇಕಿಗೆ ಗಾಳಿ ಕೂಡಿಡುವ ಏರ್ ಟ್ಯಾಂಕಿನ ಅಡಿಯ ಡ್ರೈನ್ ವಾಲ್ವ್ ಎಳೆಸಿದರು. ಬುಸ್ ಎಂದು ಗಾಳಿಯ ಜೊತೆಗೆ ಎಣ್ಣೆ ಬೆರೆತ ನೀರು ಕಾಲ ಮೇಲೆ ಚಿಮ್ಮಿತು. ಆ ನೀರು ಒಳಗೇ ಉಳಿದರೆ ಗಾಳಿಗೆ ಜಾಗ ಕಡಿಮೆ, ಬ್ರೇಕಿಗೆ ಬಲ ಕಡಿಮೆ. ನಂತರ ಪ್ರತಿ ಚಕ್ರದ ಬಳಿ ನಿಂತು, ಮುಟ್ಟದೆ, ಅಂಗೈಯ ಹಿಂಬದಿಯನ್ನು ಬ್ರೇಕ್ ಡ್ರಮ್ಮಿನ ಹತ್ತಿರ ಹಿಡಿದು ಕಾವು ನೋಡು ಎಂದರು. ಒಂದು ಚಕ್ರದ ಕಾವು ಉಳಿದವುಗಳಿಗಿಂತ ಹೆಚ್ಚಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಎಂದು ಅರ್ಥ.

ಆಮೇಲೆ ಎರಡನೇ ಗೇರಿನಲ್ಲಿ ಇಳಿಯಲು ಹಚ್ಚಿದರು. ಈ ಘಟ್ಟವನ್ನು ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಅವರ ಲೆಕ್ಕ. ಅರ್ಧ ದಾರಿಯಲ್ಲಿ ರಸ್ತೆ ಸ್ವಲ್ಪ ನೇರವಾದಾಗ ಮೂರನೇ ಗೇರಿಗೆ ಹಾಕೋಣ ಎನಿಸಿ ಕೈ ಹೋಯಿತು. ಅವರು ಏನೂ ಹೇಳಲಿಲ್ಲ. ನನ್ನ ಕೈ ಮೇಲೆ ತಮ್ಮ ಕೈ ಇಟ್ಟರು, ಘಟ್ಟದ ಬುಡ ಬರುವ ತನಕ ತೆಗೆಯಲಿಲ್ಲ. ಬುಡದಲ್ಲಿ ಒಂದು ಲಾರಿ ನಿಂತಿತ್ತು. ಹಿಂದಿನ ಚಕ್ರಗಳಿಂದ ಹೊಗೆ, ಸುಟ್ಟ ಬ್ರೇಕ್ ಲೈನರಿನ ವಾಸನೆ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಯಾವ ಚಾಲಕನೂ ಮರೆಯುವುದಿಲ್ಲ.

ಇದನ್ನು ಇಷ್ಟು ಉದ್ದ ಬರೆಯಲು ಕಾರಣವಿದೆ. ಏಜೆನ್ಸಿ ನಿನಗೆ ಸೋಮವಾರ ಒಂದು ಗಾಡಿ, ಮಂಗಳವಾರ ಇನ್ನೊಂದು ಗಾಡಿ ಕೊಡುತ್ತದೆ. ಪಕ್ಕದಲ್ಲಿ ಯಾರೂ ಇರುವುದಿಲ್ಲ. ಈಗ ಬಹಳ ಲಾರಿಗಳಲ್ಲಿ ಕ್ಲೀನರ್ ಕೂಡ ಇಲ್ಲ. ಆದ್ದರಿಂದ ಸೇರುವ ದಿನವೇ ಒಂದು ಮಾತು ಕೇಳು: ಮೊದಲ ಎರಡು ಮೂರು ತಿಂಗಳು ನನ್ನನ್ನು ಡಬ್ಬಲ್ ಡ್ರೈವರ್ ಇರುವ ಗಾಡಿಗೆ, ಎರಡನೆಯವನಾಗಿ ಹಾಕಿ. ಸಂಬಳದಲ್ಲಿ ನೂರೋ ಇನ್ನೂರೋ ಕಡಿಮೆ ಕೊಟ್ಟರೂ ಒಪ್ಪಿಕೋ. ಹುಬ್ಬಳ್ಳಿಯಿಂದ ಬೆಂಗಳೂರಿಗೋ ಪುಣೆಗೋ ಹೋಗುವ ಗಾಡಿ ಸಿಕ್ಕರೆ ಒಳ್ಳೆಯದು, ಹೆದ್ದಾರಿ, ನಗರ, ಟೋಲ್, ಗೋದಾಮಿನ ರಿವರ್ಸ್ ಎಲ್ಲ ಒಂದೇ ಟ್ರಿಪ್ಪಿನಲ್ಲಿ ಸಿಗುತ್ತದೆ. ಘಟ್ಟದ ದಾರಿಗೆ, ಮುಖ್ಯವಾಗಿ ಮಳೆಗಾಲದಲ್ಲಿ ಶಿರಾಡಿಗೋ ಅರಬೈಲಿಗೋ, ಒಬ್ಬನನ್ನೇ ಕಳಿಸಿದರೆ ಈಗ ಆಗುವುದಿಲ್ಲ ಎಂದು ಹೇಳಿಬಿಡು. ಆ ಒಂದು ದಿನದ 700 ರೂಪಾಯಿ ಹೋದರೆ ಹೋಗಲಿ.

ಗಾಡಿ ಕೈಗೆ ಬಂದ ಕೂಡಲೇ ಕೀಲಿ ತಿರುಗಿಸಬೇಡ. ಸುತ್ತ ಒಂದು ಸುತ್ತು ಹಾಕು. 2008ರಲ್ಲಿ ನಾನು ಇದನ್ನು ಬಿಟ್ಟು ತಪ್ಪು ಮಾಡಿದೆ. ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯವರು ರಾತ್ರಿ ಹನ್ನೊಂದಕ್ಕೆ ಗೊತ್ತಿಲ್ಲದ ಗಾಡಿ ಕೊಟ್ಟು, ಲೋಡ್ ತಡವಾಗಿದೆ ಹೊರಡು ಎಂದರು. ಹೊರಟೆ. ನಿಮ್ಮೂರ ಕಡೆಯ ತಡಸ ಕ್ರಾಸ್ ದಾಟುತ್ತಿದ್ದಂತೆ ಹಿಂದಿನ ಎಡಗಡೆ ಟೈರ್ ಸಿಡಿಯಿತು. ಇಳಿದು ನೋಡಿದರೆ ಜೋಡಿಯ ಒಳಗಿನ ಟೈರಿನಲ್ಲಿ ಗಾಳಿಯೇ ಇಲ್ಲ, ಹೊರಗಿನದು ಒಂದೇ ಅಷ್ಟೂ ಭಾರ ಹೊತ್ತು ಸಿಡಿದಿತ್ತು. ಎರಡೂ ಟೈರಿನ ದುಡ್ಡನ್ನು ನನ್ನ ಸಂಬಳದಲ್ಲಿ ಮುರಿದುಕೊಂಡರು. ಹೊರಡುವಾಗಲೇ ಹಾಗಿತ್ತು ಎನ್ನಲು ನನ್ನ ಬಳಿ ಏನೂ ಇರಲಿಲ್ಲ. ಹಿಂದಿನ ಜೋಡಿ ಟೈರ್ ಕಣ್ಣಿಗೆ ಮೋಸ ಮಾಡುತ್ತದೆ. ಒಳಗಿನದು ಕುಸಿದಿದ್ದರೂ ಹೊರಗಿನದು ಅದನ್ನು ಎತ್ತಿ ಹಿಡಿದಿರುತ್ತದೆ. ಕಬ್ಬಿಣದ ರಾಡಿನಿಂದ ಎರಡಕ್ಕೂ ಬಡಿದು ಕೇಳು. ಗಾಳಿ ತುಂಬಿದ್ದು ಗಟ್ಟಿಯಾಗಿ ಪುಟಿಯುತ್ತದೆ, ಇಲ್ಲದ್ದು ಮಣ್ಣಿನ ಗೋಡೆಗೆ ಬಡಿದ ಹಾಗೆ ಸಪ್ಪೆ. ಈಗ ನಿನ್ನ ಕೈಯಲ್ಲಿ ಮೊಬೈಲ್ ಇದೆ. ಟೈರ್, ಕನ್ನಡಿ, ಬಂಪರ್, ತಾಡಪತ್ರಿ, ಮೀಟರ್ ರೀಡಿಂಗ್, ಇಷ್ಟರ ಫೋಟೊ ತೆಗೆದು ಏಜೆನ್ಸಿಯವರ ವಾಟ್ಸ್‌ಆ್ಯಪ್‌ಗೆ ಹಾಕಿ ಆಮೇಲೆ ಗಾಡಿ ಸ್ಟಾರ್ಟ್ ಮಾಡು.

ಕಾಗದ ಪತ್ರದ ವಿಷಯ. ಆರ್‌ಸಿ (ನೋಂದಣಿ ಪತ್ರ), ವಿಮೆ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪತ್ರ), ಪರ್ಮಿಟ್‌ಗಳ ಕೊನೆಯ ತಾರೀಖನ್ನು ನೀನೇ ಓದು. ಎಲ್‌ಆರ್, ಅಂದರೆ ಮಾಲಿನ ಸಾಗಣೆ ರಸೀದಿ, ಅದರ ಮೇಲಿನ ಚೀಲದ ಲೆಕ್ಕ, ಗಾಡಿಯೊಳಗಿನ ಚೀಲದ ಲೆಕ್ಕ ತಾಳೆಯಾಗಬೇಕು. 50,000 ರೂಪಾಯಿಗಿಂತ ಹೆಚ್ಚಿನ ಮಾಲಿಗೆ ಇ-ವೇ ಬಿಲ್ (ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಪತ್ರ) ಬೇಕು, ಅದರಲ್ಲಿ ನಿನ್ನ ಗಾಡಿಯ ನಂಬರೇ ಇರಬೇಕು. ಏಜೆನ್ಸಿ ಕೆಲಸದಲ್ಲಿ ಕೊನೆಯ ಗಳಿಗೆಯಲ್ಲಿ ಗಾಡಿ ಬದಲಾಗುವುದು ಹೆಚ್ಚು, ನಂಬರ್ ಬದಲಿಸಲು ಮರೆಯುವುದೂ ಹೆಚ್ಚು. ಪ್ರತಿ 200 ಕಿಲೋಮೀಟರಿಗೆ ಒಂದು ದಿನದಂತೆ ಅದರ ಅವಧಿ. ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಅವಧಿ ಮುಗಿಯುವ ಮೊದಲೇ ಕಚೇರಿಗೆ ಫೋನ್ ಮಾಡಿ ವಿಸ್ತರಿಸಲು ಹೇಳು. ತೂಕದಲ್ಲಿ ಯಾರ ಮಾತನ್ನೂ ನಂಬಬೇಡ, ಕಾಟಾ ಚೀಟಿ ನೋಡು. ಆರು ಚಕ್ರದ ಲಾರಿಗೆ ಗಾಡಿ ಮತ್ತು ಮಾಲು ಸೇರಿ ಗರಿಷ್ಠ 18.5 ಟನ್, ಹತ್ತು ಚಕ್ರದ್ದಕ್ಕೆ 28.5 ಟನ್. ನಿನ್ನ ಗಾಡಿಗೆ ಎಷ್ಟು ಎಂಬುದು ಆರ್‌ಸಿಯಲ್ಲಿದೆ. ಮೀರಿದರೆ ಕಾನೂನಿನಲ್ಲಿ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಗ್ಯಾಸ್, ರಾಸಾಯನಿಕದ ಟ್ಯಾಂಕರಿಗೆ ಕಳಿಸಿದರೆ ಹೋಗಬೇಡ. ಅದಕ್ಕೆ ಪ್ರತ್ಯೇಕ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದಿಸಿಕೊಳ್ಳಬೇಕು.

ಸಂಬಳದ ಬಗ್ಗೆ. 26 ದಿನ ಕೆಲಸ ಸಿಕ್ಕರೆ ನಿನಗೆ 18,200 ರೂಪಾಯಿ. ತಿಂಗಳಿಗೆ 21,000ದೊಳಗಿನ ಸಂಬಳ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ವ್ಯಾಪ್ತಿಗೆ ಬರುತ್ತದೆ. ನಿನ್ನ ಪಾಲು ಶೇ 0.75, ಅಂದರೆ ತಿಂಗಳಿಗೆ 137 ರೂಪಾಯಿ, ಅವರ ಪಾಲು ಶೇ 3.25. ಅಷ್ಟಕ್ಕೆ ನಿನಗೂ, ನಿನ್ನ ಆಸರೆಯಲ್ಲಿದ್ದರೆ ಅಪ್ಪ ಅಮ್ಮನಿಗೂ ಚಿಕಿತ್ಸೆಯ ಹಕ್ಕು ಸಿಗುತ್ತದೆ, ಬಿಡಬೇಡ. ಪಿಎಫ್ ಮುರಿದುಕೊಂಡರೆ ಯುಎಎನ್ (ನಿನ್ನ ಪಿಎಫ್ ಗುರುತಿನ) ನಂಬರ್ ಕೇಳಿ, ದುಡ್ಡು ಜಮೆಯಾಗಿದೆಯೇ ಎಂದು ತಿಂಗಳು ತಿಂಗಳು ನೀನೇ ನೋಡು. ಏಜೆನ್ಸಿ ಸಂಬಳ ಕೊಡದೆ ಕೈ ಎತ್ತಿದರೆ, ನೀನು ಯಾರ ಗೋದಾಮಿಗೆ ದುಡಿದೆಯೋ ಆ ಮೂಲ ಮಾಲೀಕರೇ ಕೊಡಬೇಕು ಎಂಬುದು ಗುತ್ತಿಗೆ ಕಾರ್ಮಿಕರ ಕಾನೂನು. ಅದನ್ನು ಸಾಧಿಸಲು ಸಾಕ್ಷಿ ಬೇಕು. ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡು ತಾರೀಖು, ಗಾಡಿ ನಂಬರ್, ಎಲ್ಲಿಂದ ಎಲ್ಲಿಗೆ, ಯಾರ ಮಾಲು, ಎಷ್ಟು ಗಂಟೆಗೆ ಹೊರಟೆ, ಎಷ್ಟಕ್ಕೆ ಇಳಿದೆ ಎಂದು ದಿನವೂ ಬರೆ. ಎರಡು ವರ್ಷ ಕಳೆದ ಮೇಲೆ ಅನುಭವ ಎಲ್ಲಿ ಎಂದು ಕೇಳುವವರ ಮುಂದೆ ಇಡಲು ಅದೇ ನೋಟ್‌ಬುಕ್ ಬೇಕಾಗುತ್ತದೆ.

ನಿದ್ದೆಯ ಬಗ್ಗೆ ಕೈ ಮುಗಿದು ಕೇಳಿಕೊಳ್ಳುತ್ತೇನೆ. ಸಾರಿಗೆ ಕಾರ್ಮಿಕನಿಗೆ ದಿನಕ್ಕೆ ಎಂಟು ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದು 1961ರಲ್ಲಿಯೇ ಕಾಯ್ದೆ ಬರೆದಿದ್ದರು. ರಸ್ತೆಯಲ್ಲಿ ಅದನ್ನು ಪಾಲಿಸಿದ್ದನ್ನು ನಾನು ಕಂಡದ್ದು ಕಡಿಮೆ. ಏಜೆನ್ಸಿ ಕೆಲಸದ ಅಪಾಯ ಇನ್ನೊಂದಿದೆ: ಹಗಲು ಒಂದು ಕಂಪನಿಗೆ ಓಡಿಸಿ ಬಂದವನನ್ನು ರಾತ್ರಿ ಇನ್ನೊಂದು ಕಂಪನಿಗೆ ಕಳಿಸುತ್ತಾರೆ. ಹಗಲು ನೀನು ಎಷ್ಟು ದುಡಿದಿದ್ದೀ ಎಂಬುದು ಆ ಎರಡನೇ ಕಂಪನಿಗೆ ತಿಳಿಯುವುದೇ ಇಲ್ಲ, ನಿನ್ನ ರೆಪ್ಪೆಗೆ ಮಾತ್ರ ತಿಳಿಯುತ್ತದೆ. ಬೆಳಗಿನ ಜಾವ ಎರಡರಿಂದ ಐದರ ನಡುವೆ ಚಿತ್ರದುರ್ಗ, ಹಿರಿಯೂರು, ಶಿರಾದ ನೇರ ರಸ್ತೆಯಲ್ಲಿ ಕಣ್ಣು ತೆರೆದೇ ನಿದ್ದೆ ಬರುತ್ತದೆ. ನನ್ನ ಜೊತೆಗೆ ಕ್ಲೀನರ್ ಆಗಿದ್ದ ಗೆಳೆಯ ಹಾಗೆಯೇ ಹೋದ, ನಿಂತಿದ್ದ ಲಾರಿಯ ಹಿಂಬದಿಗೆ ಗುದ್ದಿ. ಹಿಂದಿನ ಊರು ದಾಟಿದ್ದು ನೆನಪಿಲ್ಲ ಎನಿಸಿದ ಕೂಡಲೇ ಪೆಟ್ರೋಲ್ ಬಂಕಿನ ಅಂಗಳಕ್ಕೆ ಗಾಡಿ ಹಾಕಿ ಮಲಗು. ರಸ್ತೆ ಬದಿಯಲ್ಲಿ ಮಲಗಬೇಡ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿದೆ, ನಮ್ಮ ಕಾಲದ ಸೆಕೆಯ ನಿದ್ದೆ ನಿಮ್ಮ ಪೀಳಿಗೆಗೆ ತಪ್ಪಲಿ ಎಂದು ಹಾರೈಸುತ್ತೇನೆ.

ಅಪ್ಪನಿಗೆ ಈ ಉತ್ತರವನ್ನು ಓದಿ ಹೇಳು. ಮೊದಲ ಟ್ರಿಪ್ಪಿಗೆ ಹೊರಡುವಾಗ ಗಾಡಿ ನಂಬರನ್ನೂ ಜೊತೆಯ ಚಾಲಕರ ಫೋನ್ ನಂಬರನ್ನೂ ಅವರಿಗೆ ಕೊಟ್ಟು ಹೋಗು.

ಪ್ರಶ್ನೆ: ನನ್ನ ಯಜಮಾನರು ಏಜೆನ್ಸಿ ಮೂಲಕ ಲಾರಿ ಓಡಿಸುತ್ತಾರೆ. ಕಳೆದ ತಿಂಗಳು ಮೂರು ಚೀಲ ಮಾಲು ಕಡಿಮೆ ಬಂದಿದೆ ಎಂದು, ಕೇಳದೆ ಹೇಳದೆ 6,000 ರೂಪಾಯಿ ಮುರಿದುಕೊಂಡರು. ಇದು ಸರಿಯೇ?
– ಒಬ್ಬ ಗೃಹಿಣಿ, ರಾಣೆಬೆನ್ನೂರು

ಉತ್ತರ: ಸರಿಯಲ್ಲ, ತಂಗಿ. ಚಾಲಕರ ನಿರ್ಲಕ್ಷ್ಯದಿಂದಲೇ ನಷ್ಟವಾಗಿದೆ ಎಂದು ತೋರಿಸಬೇಕು, ಅವರ ವಿವರಣೆ ಕೇಳಬೇಕು, ಆಮೇಲಷ್ಟೇ ಕಡಿತ. ಈ ಕಡಿತಕ್ಕೆ ಒಪ್ಪಿಗೆಯಿಲ್ಲ ಎಂದು ಲಿಖಿತವಾಗಿ ಕೊಡಿ, ಲೆಕ್ಕ ಕೇಳಿ, ಉತ್ತರ ಬಾರದಿದ್ದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಅರ್ಜಿ ಕೊಡಿ. ಲೋಡ್ ಮಾಡುವಾಗ ಹಮಾಲರ ಜೊತೆ ನಿಂತು ಚೀಲ ಎಣಿಸಲು, ಸೀಲ್ ನಂಬರನ್ನು ಎಲ್‌ಆರ್ ಮೇಲೆ ಬರೆಸಲು ಯಜಮಾನರಿಗೆ ಹೇಳಿ. ಇಳಿಸಿದ ಮೇಲೆ ಮಾಲು ಸರಿಯಾಗಿ ಮುಟ್ಟಿದೆ ಎಂಬ ಸಹಿ, ಮೊಹರು ಬೀಳುವ ತನಕ ಗೋದಾಮಿನ ಗೇಟು ದಾಟಬಾರದು. ಅವರಿಗೆ ಆಯಾಸವಾಗಿರುತ್ತದೆ, ಮನೆಗೆ ಬರುವ ಆತುರವಿರುತ್ತದೆ. ಆ ಹತ್ತು ನಿಮಿಷವನ್ನು ಅವರು ಉಳಿಸುವುದು ನಿಮ್ಮ ಸಲುವಾಗಿಯೇ ಎಂದು ನನಗೆ ಗೊತ್ತು, ಆದರೂ ನಿಲ್ಲಲು ಹೇಳಿ.

ಪ್ರಶ್ನೆ: ನನ್ನ ಬಳಿ ಇರುವುದು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಮಾತ್ರ. ಏಜೆನ್ಸಿಯವರು ಸಣ್ಣ ಲಾರಿ ಓಡಿಸಬಹುದು ಎನ್ನುತ್ತಾರೆ. ನಿಜವೇ?
– ಓದುಗ, ಹರಿಹರ

ಉತ್ತರ: ನಿಜ, ಒಂದು ಮಿತಿಯೊಳಗೆ. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನಕ್ಕೆ ಎಲ್‌ಎಂವಿ ಲೈಸೆನ್ಸ್ ಸಾಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ಒಟ್ಟು ತೂಕ ಎಂದರೆ ಗಾಡಿಯದ್ದೂ ಮಾಲಿನದ್ದೂ ಸೇರಿ. ಗಾಡಿ ನೋಡಲು ಸಣ್ಣದಿದೆ ಎಂದು ಹತ್ತಬೇಡಿ, ಆರ್‌ಸಿಯಲ್ಲಿ ಆ ಸಂಖ್ಯೆ ಓದಿ ಹತ್ತಿ.